ಸೂತಕದ ಮನೆಯಲ್ಲಿ ಕುಂಕುಮದ ಬೊಟ್ಟು

ಎರಡನೆಯ ಕಲ್ಲು ರೇಷ್ಮೆ ಹುಳುಮನೆಯ ತಗಡಿನ ಬಾಗಿಲಿಗೆ ಬಂದು ಬಡಿಯಿತು.

"ಅತ್ತೇನ ನುಂಗಿ ನೀರು ಕುಡಿದ್ಬಿಟ್ಟು ಹುಳಕ್ಕೆ ಸೊಪ್ಪು ಹಾಕ್ತಾವ್ಳೆ ನೋಡ್ರೇ! ಈಚೆಗೆ ಬಾರೇ!"

ಹೊರಗೆ ಹೆಂಗಸರ ದನಿ, ಅದರ ಹಿಂದೆ ಗಂಡಸರ ಗದ್ದಲ. ಒಳಗೆ ಸುನಂದ ತಲೆ ಎತ್ತಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಕಂತೆಯನ್ನು ಕಂಕುಳಲ್ಲಿ ಅವುಚಿಕೊಂಡು ಹುಳುಗಳ ಮೇಲೆ ಹರಡುತ್ತ ಹೋಗುತ್ತಿದ್ದಳು. ನಾಲ್ಕನೆಯ ಜ್ವರ ಎದ್ದ ಹುಳು, ಎಂದರೆ ಕೊನೆಯ ಪೊರೆ ಕಳಚಿ ಗೂಡು ಕಟ್ಟುವ ಮುನ್ನ ಹಸಿದು ನಿಂತ ಹುಳು. ಮನೆಯಲ್ಲಿ ಸತ್ತವರು ಯಾರು ಎಂದು ಅವು ಕೇಳುವುದಿಲ್ಲ. ಒಂದು ಹೊತ್ತು ಸೊಪ್ಪು ತಪ್ಪಿದರೆ ಬೆಳೆಯೇ ಹೋಗುತ್ತದೆ.

ಸಬ್ ಇನ್ಸ್‌ಪೆಕ್ಟರ್ ಗಂಗಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹೊರಗಿನ ಗದ್ದಲಕ್ಕಿಂತ ಅವಳನ್ನು ಹೆಚ್ಚು ಕಾಡುತ್ತಿದ್ದುದು ತನ್ನದೇ ಹೊಟ್ಟೆ. ಹಸಿ ಸೊಪ್ಪಿನ, ಹುಳುವಿನ ಹಿಕ್ಕೆಯ ವಾಸನೆ ಗಂಟಲಿಗೇ ಬಂದು ಕೂತಿತ್ತು. ತೂಕ ಇಳಿಸುವ ಇಂಜೆಕ್ಷನ್ನನ್ನು ಅವಳೂ ಐದು ವಾರದಿಂದ ಹಾಕಿಕೊಳ್ಳುತ್ತಿದ್ದಳು. ಮೊನ್ನೆಯಷ್ಟೇ ಡಾಕ್ಟರು ಡೋಸನ್ನು ಒಂದು ಮೆಟ್ಟಿಲು ಏರಿಸಿದ್ದರು. ಠಾಣೆಯಲ್ಲಿ ಇದು ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಹೆಡ್ ಕಾನ್‌ಸ್ಟೇಬಲ್ ಕದಿರೇಶನೊಬ್ಬನೇ ಸಾಕು, ಮುಳಬಾಗಿಲಿನವರೆಗೆ ಡಂಗುರ ಹೊಡೆಯುವುದಕ್ಕೆ.

ಈ ಮನೆಯ ಹಿರಿಯಾಕೆ ವೆಂಕಟರತ್ನಮ್ಮ ಬೆಳಗಿನ ಜಾವ ಕೋಲಾರದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆಯ ಇನ್ಸುಲಿನ್ ಎಂದು ನಂಬಿ ಆ ಮುದುಕಿ ಚುಚ್ಚಿಕೊಂಡದ್ದು ಸೊಸೆ ಸುನಂದಳ ತೂಕದ ಇಂಜೆಕ್ಷನ್ನನ್ನು. ವಾರಕ್ಕೊಮ್ಮೆ ಹಾಕಬೇಕಾದದ್ದನ್ನು ದಿನಕ್ಕೆರಡು ಸಲ, ಬುಧವಾರದಿಂದ ಶನಿವಾರದವರೆಗೆ.

ಹೆಣ ನಾಲ್ಕು ಗಂಟೆಗೆ ಮನೆಗೆ ಬರುತ್ತದೆ. ಅಷ್ಟರಲ್ಲಿ ಸುನಂದಳ ಕೈಗೆ ಬೇಡಿ ಬೀಳದಿದ್ದರೆ ಹೆಣವನ್ನು ಮಾಲೂರು ರಸ್ತೆಯ ಮೇಲಿಟ್ಟು ಕೂರುತ್ತೇವೆಂದು ನಂಟರು ಹೇಳಿಬಿಟ್ಟಿದ್ದರು. ಇನ್ಸ್‌ಪೆಕ್ಟರ್ ಸಾಹೇಬರು ಫೋನಿನಲ್ಲಿ ಅದನ್ನೇ ಇನ್ನೊಂದು ಥರ ಹೇಳಿದ್ದರು. ನಾಲ್ಕರವರೆಗೆ ನೀನು ಹುಡುಕು, ಆಮೇಲೆ ಕೊಲೆ ಕೇಸು ಹಾಕಿ ಜೀಪು ಹತ್ತಿಸು. ಗಂಡನೇ ದೂರು ಕೊಟ್ಟಿರುವಾಗ ನಿನಗೇಕೆ ಇಲ್ಲದ ಉಸಾಬರಿ?

ಗಂಗಾ ಗಡಿಯಾರ ನೋಡಿದಳು. ಎರಡೂ ಕಾಲು.

"ಸುನಂದ ಅವ್ರೇ, ಆ ಇಂಜೆಕ್ಷನ್ ಪೆನ್ನು ನಿಮ್ಮದೇ ತಾನೇ?"

"ನಂದೇ ಮೇಡಂ. ಹೊಸದು. ಹೋದ ಸೋಮವಾರ ಇವ್ರು ಮಾಲೂರಿಂದ ತಂದ್ಕೊಟ್ರು. ಹಳೇದ್ರಲ್ಲಿ ನಂಗೆ ಇನ್ನೂ ಒಂದು ವಾರದ್ದಿತ್ತು. ಅದಕ್ಕೆ ಹೊಸದನ್ನ ಡಬ್ಬಿ ಸಮೇತ ಫ್ರಿಡ್ಜಲ್ಲಿ ಹಿಂದಕ್ಕೆ ಇಟ್ಟಿದ್ದೆ. ಆಮೇಲೆ ಮುಟ್ಲೇ ಇಲ್ಲ."

"ನಿಮ್ಮತ್ತೆ ಮೂರು ದಿನ ವಾಂತಿ ಮಾಡಿದ್ರಲ್ಲ. ಈ ಇಂಜೆಕ್ಷನ್ ಹೊಟ್ಟೆಗೆ ಏನ್ ಮಾಡುತ್ತೆ ಅಂತ ನಿಮಗಿಂತ ಚೆನ್ನಾಗಿ ಈ ಮನೇಲಿ ಯಾರಿಗ್ ಗೊತ್ತು? ಗುಮಾನಿ ಬರ್ಲಿಲ್ವಾ?"

ಸುನಂದಳ ಕೈ ಈಗ ನಿಂತಿತು.

"ನಂಗೂ ಮೊದಲನೇ ತಿಂಗಳು ಹಿಂಗೇ ಆಗಿತ್ತು. ಮುದ್ದೆ ಅರ್ಧ ಮಾಡು, ಕರಿದದ್ದು ಬಿಡು, ನೀರು ಗುಟುಕು ಗುಟುಕಾಗಿ ಕುಡಿ ಅಂದಿದ್ರು ಡಾಕ್ಟ್ರು. ವಾಂತಿ ನಿಲ್ಲದೆ ಇದ್ರೆ ಮುಂದಿನ ಸೂಜಿ ಹಾಕ್ಕೋಬೇಡ, ಬಂದು ತೋರ್ಸು ಅಂದಿದ್ರು. ಅತ್ತೆಗೂ ಅದನ್ನೇ ಮಾಡ್ದೆ ಮೇಡಂ. ಗಂಜಿ ಕಾಯಿಸ್ಕೊಟ್ಟೆ, ಚಮಚದಲ್ಲಿ ನೀರು ಕುಡಿಸ್ದೆ. ನಾನು ಹಿಂಗೆ ಕುಡಿಸ್ತಾ ಇದ್ರೆ ಅವ್ರು ಅತ್ಲಾಗೆ ಬೆಳಿಗ್ಗೆ ರಾತ್ರಿ ಅದನ್ನೇ ಚುಚ್ಕೋತಿದಾರೆ ಅಂತ ನಂಗೇನ್ ಗೊತ್ತು?"

ಅವಳು ಅಳಲಿಲ್ಲ. ಅಳುವುದಕ್ಕೂ ಒಂದು ಚೈತನ್ಯ ಬೇಕು. ಗಂಗಾಳಿಗೆ ಅವಳ ಮೇಲೆ ಕನಿಕರ ಬಂತು, ಆ ಕನಿಕರದ ಮೇಲೆ ಸಿಟ್ಟೂ ಬಂತು. ಕನಿಕರ ತನಿಖೆ ಮಾಡುವುದಿಲ್ಲ, ಗಡಿಯಾರವನ್ನೂ ನಿಲ್ಲಿಸುವುದಿಲ್ಲ.

ಯಾರೋ ಬಾಗಿಲನ್ನು ದಡದಡ ಬಡಿದರು.

ಗಂಗಾ ಚಿಲಕ ತೆಗೆದಳು. ಎದುರಿಗೆ ಅನಿಲ್‌ಕುಮಾರ್, ಸುನಂದಳ ಗಂಡ, ಸತ್ತವಳ ಒಬ್ಬನೇ ಮಗ. ಎರಡು ದಿನದ ಗಡ್ಡ, ಕೆಂಪು ಕಣ್ಣು. ಅವನ ಬೆನ್ನ ಹಿಂದೆ ಅರ್ಧ ಊರು.

"ಇನ್ನೂ ಎಷ್ಟೊತ್ತು ಮೇಡಂ ನಿಮ್ಮ ಮಾತುಕತೆ? ಕೊಲೆ ಮಾಡಿದೋಳ ಹತ್ರ ಹುಳ ಮೇಯಿಸ್ಕೊಂಡು ಕೂತಿದೀರಲ್ಲ?"

"ತನಿಖೆ ನಡೀತಿದೆ."

"ಎಂಥ ತನಿಖೆ? ಪೆನ್ನು ಇವಳದು. ನಮ್ಮಮ್ಮನಿಗೆ ಇಂಗ್ಲಿಷ್ ಅಕ್ಷರ ಬರಲ್ಲ, ಪೆನ್ನಿನ ಮೇಲಿನ ಕುಂಕುಮದ ಬೊಟ್ಟು ನೋಡ್ಕೊಂಡು ಚುಚ್ಕೋತಿದ್ಲು. ಇವಳು ತನ್ನ ಪೆನ್ನಿಗೆ ಬೊಟ್ಟು ಇಟ್ಟು ಅಮ್ಮನ ಜಾಗಕ್ಕೆ ಸೇರಿಸಿದ್ಲು. ಗೊತ್ತಿಲ್ದೋರು ಮಾಡೋ ಕೆಲಸನಾ ಇದು? ಗಂಡ ನಾನೇ ಹೇಳ್ತಿದೀನಿ, ಇನ್ನೇನ್ ಬೇಕು ನಿಮಗೆ? ಹೆಂಗಸಿಗೆ ಹೆಂಗಸು ಅಂತ ಪರ ವಹಿಸ್ತಿದೀರಾ?"

"ನಾನು ಹೆಂಗಸು ಅನ್ನೋದು ನಂಗೆ ಗೊತ್ತಿದೆ. ನೀವು ಒಂದ್ ಹೆಜ್ಜೆ ಹಿಂದೆ ಸರೀರಿ."

ಅವನು ಸರಿಯಲಿಲ್ಲ. ಗಂಗಾ ಲಾಠಿಯನ್ನು ಅವನ ಎದೆಗೆ ತಾಗಿಸಲಿಲ್ಲ, ತಾಗುವಷ್ಟು ಹತ್ತಿರ ಹಿಡಿದಳು. ಆಮೇಲೆ ಸರಿದ.

"ನಾಲ್ಕು ಗಂಟೆ ಮೇಡಂ," ಎಂದ. "ನಾಲ್ಕು ಗಂಟೆ ಒಂದು ನಿಮಿಷಕ್ಕೆ ನಿಮ್ಮ ಮಾತು ಯಾರೂ ಕೇಳಲ್ಲ."

ಊರವರೂ ಹೂಂಗುಟ್ಟಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ನಿನ್ನೆಯವರೆಗೆ ಇದೇ ಹೆಂಗಸರು ಸುನಂದಳ ಬಳಿ ಬಂದು, ಎಷ್ಟು ಕಿಲೋ ಇಳಿದೆ, ಯಾವ ಡಾಕ್ಟರು, ನಮಗೂ ಹೇಳೇ ಎಂದು ಗುಟ್ಟಾಗಿ ವಿಚಾರಿಸುತ್ತಿದ್ದರು. ಇವತ್ತು ಅವರ ಕೈಯಲ್ಲೇ ಕಲ್ಲು.

"ಒಳಗಿಂದ ಚಿಲಕ ಹಾಕ್ಕೊಳ್ಳಿ," ಎಂದು ಸುನಂದಳಿಗೆ ಹೇಳಿ ಗಂಗಾ ಮನೆಯ ಕಡೆ ನಡೆದಳು.

ಅಡುಗೆಮನೆಯಲ್ಲಿ ಕದಿರೇಶ ಫ್ರಿಡ್ಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಡಬ್ಬ ತೆಗೆದು ನೆಲದ ಮೇಲೆ ಜೋಡಿಸುತ್ತಿದ್ದ. ಸಾರಿನ ಪುಡಿಯ ಡಬ್ಬದ ಹಿಂದಿನಿಂದ ಕೈ ಈಚೆ ಬಂದಾಗ ಅದರಲ್ಲೊಂದು ಪೆನ್ನಿತ್ತು.

"ಸಿಕ್ತು ಮೇಡಂ. ಇದು ಅಜ್ಜಿ ಇನ್ಸುಲಿನ್ನು. ಇಲ್ಲೇ ಬಿದ್ದಿತ್ತು."

ಗಂಗಾ ಕರವಸ್ತ್ರದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಂದಳು. ಇನ್ನೊಂದು ಪೆನ್ನು, ಆಸ್ಪತ್ರೆಯಿಂದ ಬಂದದ್ದು, ಅವಳ ಬಳಿ ಪ್ಲಾಸ್ಟಿಕ್ ಕವರಿನಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಹಿಡಿದಳು. ಒಂದೇ ಕಂಪನಿ, ಒಂದೇ ನೀಲಿ, ಒಂದೇ ಉದ್ದ. ಹಿಂಬದಿಯ ತಿರುಪು ತಿರುಗಿಸಿದರೆ ಎರಡೂ ಟಿಕ್ ಟಿಕ್ ಎನ್ನುತ್ತವೆ. ವ್ಯತ್ಯಾಸವೆಲ್ಲ ಇಂಗ್ಲಿಷಿನ ಇರುವೆ ಅಕ್ಷರದಲ್ಲಿ.

ವೆಂಕಟರತ್ನಮ್ಮನಿಗೆ ತೆಲುಗು ಅಕ್ಷರ ಒಂದಿಷ್ಟು ಬರುತ್ತಿತ್ತು, ಅದೂ ಕಣ್ಣು ಮಂಜಾದ ಮೇಲೆ ಹೋಗಿತ್ತು. ಆದರೂ ಸೂಜಿಯನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಒಕಟಿ, ರೆಂಡು, ಮೂಡು ಎಂದು ಗಟ್ಟಿಯಾಗಿ ಎಣಿಸುತ್ತ ಬೆಳಿಗ್ಗೆ ಇಪ್ಪತ್ತು ಟಿಕ್ಕು, ರಾತ್ರಿ ಹದಿನಾರು. ತನ್ನ ಪೆನ್ನಿನ ಮೈಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ದಪ್ಪ ಬೊಟ್ಟು ಇಟ್ಟುಕೊಳ್ಳುತ್ತಿದ್ದರು. ಬೊಟ್ಟಿದ್ದದ್ದು ತನ್ನದು, ಇಲ್ಲದ್ದು ಸೊಸೆಯದು. ಇದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ.

ಈಗ ಬೊಟ್ಟು ಇದ್ದದ್ದು ತೂಕದ ಪೆನ್ನಿನ ಮೇಲೆ. ಇನ್ಸುಲಿನ್ ಪೆನ್ನಿನ ಮೈ ತೊಳೆದಂತೆ ಚೊಕ್ಕಟ.

ತೀರಾ ಚೊಕ್ಕಟ. ಗಂಗಾ ಮೂಗಿನ ಬಳಿ ಹಿಡಿದಳು. ಏನೂ ವಾಸನೆಯಿಲ್ಲ. ತಿರುಪಿನ ಬುಡದ ಗೀರಿನಲ್ಲಿ ಮಾತ್ರ ಕೂದಲೆಳೆಯಷ್ಟು ಕೆಂಪು ಉಳಿದಿತ್ತು.

"ಎಣ್ಣೆ ಕುಂಕುಮ ತಾನಾಗೇ ಹೋಗಲ್ಲ ಕದಿರೇಶಣ್ಣ. ಯಾರೋ ಕೂತ್ಕೊಂಡು ಒರೆಸಿದಾರೆ."

"ಸೊಸೇನೇ ಒರೆಸಿರ್ತಾಳೆ ಬಿಡಿ. ಡಾಕ್ಟ್ರು ಫೋನ್ ಮಾಡಿದ್ರು, ನಿಮಗ್ ಸಿಗ್ಲಿಲ್ವಂತೆ."

ಕೋಲಾರದ ಡಾಕ್ಟರ್ ಅಮರನಾಥ್ ಕದಿರೇಶನಿಗೆ ಹೇಳಿದ್ದು ಇಷ್ಟು. ಶನಿವಾರ ಆಸ್ಪತ್ರೆಗೆ ತಂದಾಗ ಮುದುಕಿ ವಾಂತಿ ಮಾಡಿದ್ದು ಬುಧವಾರ ಉಂಡ ಹಿತಕಿದ ಬೇಳೆ. ಮೂರು ದಿನವಾದರೂ ಬೇಳೆ ಬೇಳೆಯಾಗಿಯೇ ಇತ್ತು. ಹೊಟ್ಟೆ ಕೆಲಸ ನಿಲ್ಲಿಸಿತ್ತು, ನೀರು ದಕ್ಕದೆ ಮೂತ್ರಪಿಂಡ ಸೋತಿತ್ತು, ಇನ್ಸುಲಿನ್ ಇಲ್ಲದೆ ಸಕ್ಕರೆ ಐನೂರು ದಾಟಿತ್ತು. ಆಗಲೇ ಅವರಿಗೆ ಅನುಮಾನ ಬಂದು, ಮನೆಯಲ್ಲಿ ಚುಚ್ಚುವ ಪೆನ್ನು ತನ್ನಿ ಎಂದು ಕೇಳಿದ್ದು.

ಬೇಳೆ ಎಂಬ ಮಾತು ಕೇಳಿದ್ದೇ ಗಂಗಾಳ ಬಾಯಲ್ಲಿ ನೀರೂರಿತು. ಹಸಿವಿನ ನೀರಲ್ಲ, ಓಕರಿಕೆಯದು. ಜೇಬಿನಿಂದ ನಾಲ್ಕು ಹುರಿಗಡಲೆ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಬರೀ ಹೊಟ್ಟೆಯಲ್ಲಿರಬೇಡಿ, ತುಂಬ ಹೊಟ್ಟೆಯಲ್ಲೂ ಇರಬೇಡಿ ಎಂದು ಅವಳ ಡಾಕ್ಟರು ಹೇಳಿದ್ದರು.

"ಗ್ಯಾಸ್ಟ್ರಿಕ್ಕು ಮೇಡಂ ನಿಮಗೆ," ಎಂದ ಕದಿರೇಶ, ಬಲ್ಲವನ ಗತ್ತಿನಲ್ಲಿ. "ಜೀರಿಗೆ ಕಷಾಯ ಕುಡೀರಿ."

ಗಂಗಾಳ ಕಣ್ಣು ಅಡುಗೆಮನೆಯ ಪಕ್ಕದ ದೇವರ ಕೋಣೆಯ ಮೇಲೆ ನಿಂತಿತ್ತು. ಬಾಗಿಲಿಗೆ ಬೀಗ. ಹೊಸ್ತಿಲಿನ ಮೇಲೆ ರಂಗೋಲಿಯಿಲ್ಲ, ಧೂಳು. ಒಂದು ದಿನದ ಧೂಳಲ್ಲ ಅದು.

ನಡುಮನೆಯ ಕಂಬಕ್ಕೊರಗಿ ವೆಂಕಟರತ್ನಮ್ಮನ ಗಂಡ ಶ್ರೀರಾಮಪ್ಪ ಕೂತಿದ್ದರು. ಬೆಳಗಿನಿಂದ ಒಂದೇ ಭಂಗಿ. ಗಂಗಾ ಅವರ ಮುಂದೆ ನೆಲದ ಮೇಲೆ ಕೂತಳು.

"ಅಪ್ಪಯ್ಯ, ದೇವರ ಕೋಣೆಗೆ ಯಾವತ್ತಿಂದ ಬೀಗ?"

"ಸೂತಕ ಅಲ್ವೇನಮ್ಮ," ಎಂದರು ಮುದುಕ. "ರಾಯಲ್ಪಾಡಲ್ಲಿ ನಮ್ಮ ದಾಯಾದಿ, ಅಶ್ವತ್ಥಪ್ಪ ಅಂತ, ಹೋದ ವಾರ ಭಾನುವಾರ ಹೋಗ್ಬಿಟ್ಟ. ಹನ್ನೊಂದು ದಿನ ನಮಗೆಲ್ಲ ಮೈಲಿಗೆ. ದೀಪ ಇಲ್ಲ, ಪೂಜೆ ಇಲ್ಲ, ಅರಿಶಿನ ಕುಂಕುಮ ಮುಟ್ಟೋ ಹಂಗಿಲ್ಲ. ಅವಳೇ ಬೀಗ ಹಾಕಿ ಬೀಗದಕೈ ಸೊಂಟಕ್ಕೆ ಸಿಕ್ಕಿಸ್ಕೊಂಡಿದ್ಲು. ಭಾರಿ ಮಡಿ ಅವಳದು. ಸೂತಕದಲ್ಲಿ ಯಾರಾದ್ರೂ ಬೊಟ್ಟು ಇಟ್ಟಿದ್ದನ್ನ ಕಂಡಿದ್ರೆ ತಿಪ್ಪೆಗೆ ಎಸೀತಿದ್ಲು."

ಗಂಗಾ ಫ್ರಿಡ್ಜಿನಲ್ಲಿ ಸಿಕ್ಕಿದ್ದ ಆ ಹೊಸ ಪೆನ್ನಿನ ಖಾಲಿ ಡಬ್ಬಿಯನ್ನು ಕವರಿನಿಂದ ತೆಗೆದು ಅದಕ್ಕೆ ಅಂಟಿದ್ದ ಅಂಗಡಿಯ ಚೀಟಿ ನೋಡಿದಳು. ಮಾಲೂರು, ಸೋಮವಾರದ ತಾರೀಕು. ಭಾನುವಾರ ಸೂತಕ ಬಂದದ್ದು, ಸೋಮವಾರ ಪೆನ್ನು ಬಂದದ್ದು. ಎಂದರೆ ಆ ಪೆನ್ನಿನ ಮೇಲಿನ ಬೊಟ್ಟು ಸೂತಕದ ಒಳಗೇ ಬಿದ್ದದ್ದು.

ಬೆಳಗಿನಿಂದ ಆ ಬೊಟ್ಟನ್ನು ನೂರು ಸಲ ನೋಡಿದ್ದಳು. ಮುಳಬಾಗಿಲಿನ ಹಳ್ಳಿಯಲ್ಲಿ ಹುಟ್ಟಿ, ಸೂತಕವೆಂದರೆ ಏನೆಂದು ಅಜ್ಜಿಯ ಬಾಯಲ್ಲಿ ಬೈಸಿಕೊಂಡು ಬೆಳೆದವಳು ತಾನು. ಇಷ್ಟು ಹೊತ್ತು ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು.

"ಕೊಲೆ ಮಾಡೋರಿಗೆ ಎಂಥ ಸೂತಕ ಮೇಡಂ?" ಕದಿರೇಶ ಅಂಗಳದಲ್ಲಿ ಪಿಸುಗುಟ್ಟಿದ.

"ಕೊಲೆ ಮಾಡೋರಿಗೆ ಇರಲ್ಲ. ಸತ್ತೋರಿಗೆ ಇತ್ತಲ್ಲ. ಈ ಬೊಟ್ಟಿನ ಬಣ್ಣಾನೇ ಬೇರೆ, ಹೊಸದು ಅಂತ ಅವ್ರಿಗೂ ಕಂಡಿರುತ್ತೆ. ಕದ್ದು ಇಟ್ಟ ಬೊಟ್ಟಾಗಿದ್ರೆ ಆಯಮ್ಮ ಆ ಪೆನ್ನು ಮುಟ್ತಿರ್ಲಿಲ್ಲ. ಯಾರು ಇಟ್ರು ಅಂತ ಅವ್ರಿಗೆ ಗೊತ್ತಿತ್ತು. ಇಟ್ಟೋರಿಗೆ ಸೂತಕ ಇಲ್ಲ ಅಂತಾನೂ ಗೊತ್ತಿತ್ತು. ಸುನಂದ ಈ ಮನೆ ಸೊಸೆ, ಅವಳಿಗೂ ಮೈಲಿಗೆ. ಇಟ್ಟಿದ್ದು ಅವಳಲ್ಲ."

"ಮತ್ಯಾರು?"

"ಈ ಮನೇಲಿ ಹುಟ್ಟಿ ಬೇರೆ ಮನೆ ಸೇರಿದೋರು."

ಅಂಗಳದ ಆ ತುದಿಯಲ್ಲಿ ಅನಿಲ್‌ಕುಮಾರ್ ಶಾಮಿಯಾನದ ಗೂಟ ಹೊಡೆಸುತ್ತಿದ್ದವನು ಇತ್ತ ತಿರುಗಿ ನೋಡಿದ. ಗಂಗಾ ದನಿ ತಗ್ಗಿಸಿದಳು.

"ನೀವು ಹುಳುಮನೆ ಬಾಗಿಲಿಗೆ ಹೋಗಿ ನಿಂತ್ಕೊಳ್ಳಿ. ನಾನು ಬರೋವರ್ಗೂ ಯಾರನ್ನೂ ಒಳಕ್ಕೆ ಬಿಡಬೇಡಿ."

ಮೂರು ಗಂಟೆಯಾಗಿತ್ತು.

ಚಂದನ ಅಮ್ಮನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಅನಿಲ್‌ಕುಮಾರನ ತಂಗಿ, ಮಾಲೂರಿಗೆ ಮದುವೆಯಾಗಿ ಹೋದವಳು. ಅತ್ತಿಗೆಯೊಡನೆ ಎರಡು ವರ್ಷದಿಂದ ಮಾತಿಲ್ಲ. ಬೆಳಿಗ್ಗೆ ಸುನಂದಳ ಕೆನ್ನೆಗೆ ಮೊದಲು ಹೊಡೆದವಳೂ ಇವಳೇ. 

ಗಂಗಾ ಬಾಗಿಲು ಹಾಕಿದಳು.

"ಯಾಕೆ ಬಾಗಿಲು ಹಾಕ್ತೀರಾ? ಅಮ್ಮನ್ನ ಕೊಂದೋಳು ಹೊರಗಿದಾಳೆ. ಅಲ್ಲಿಗೆ ಹೋಗಿ."

"ಹೋದ ಮಂಗಳವಾರ ನೀವು ಇಲ್ಲಿಗೆ ಬಂದಿದ್ರಂತೆ, ನಿಮ್ಮಪ್ಪ ಹೇಳಿದ್ರು."

"ತವರುಮನೆಗೆ ಬರೋಕೂ ಪೊಲೀಸ್ನೋರನ್ನ ಕೇಳ್ಬೇಕಾ?"

"ಈ ಪೆನ್ನಿಗೆ ಬೊಟ್ಟು ಇಟ್ಟೋರು ಈ ಮನೆಯೋರಲ್ಲ, ಚಂದನ."

ಚಂದನಳ ಕೈ ತಾನಾಗಿ ಪಕ್ಕದ ಚೀಲದ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಂಗಾ ಚೀಲ ಎಳೆದುಕೊಂಡಳು. ಒಳಗೆ ಪರ್ಸು, ಬಸ್ಸಿನ ಟಿಕೆಟ್ಟು, ಮಾತ್ರೆಯ ಹಾಳೆ. ತಳದಲ್ಲಿ ಮಡಿಸಿದ ಕಾಗದದ ಪೊಟ್ಟಣ. ಬಿಚ್ಚಿದರೆ ಗುಡಿಯಲ್ಲಿ ಕೊಟ್ಟ ಕುಂಕುಮ, ಕಿತ್ತಳೆಗೆ ತಿರುಗಿದ ಕೆಂಪು. ಪೆನ್ನಿನ ಮೇಲಿದ್ದದ್ದು ಇದೇ ಬಣ್ಣ.

"ಗುಡೀಲಿ ಎಲ್ರಿಗೂ ಕೊಡ್ತಾರೆ!" ಚಂದನ ಕಿರುಚಿದಳು. "ಅದರಿಂದೇನಾಯ್ತು? ನಮ್ಮಮ್ಮನ್ನ ನಾನು ಕೊಲ್ತೀನಾ? ನಿಮ್ಮ ನಾಲಿಗೆ ಸೇದಿಹೋಗಾ!"

ಗಂಗಾ ಹಣೆಯ ಬೆವರು ಒರೆಸಿಕೊಂಡು ಜೇಬಿನಿಂದ ಎರಡು ಹುರಿಗಡಲೆ ಬಾಯಿಗೆ ಹಾಕಿಕೊಂಡಳು. ನೀರಿನ ಬಾಟಲಿಯಿಂದ ಒಂದೇ ಗುಟುಕು ಕುಡಿದು ಬಾಯಿ ಒರೆಸಿಕೊಂಡಳು. ಚಂದನ ಅದನ್ನು ನೋಡಿದಳು. ಅತ್ತಿಗೆಯನ್ನು ಮೂರು ತಿಂಗಳು ಓರೆಗಣ್ಣಲ್ಲಿ ನೋಡಿದ ಕಣ್ಣು ಅದು.

"ಓಹೋ," ಎಂದಳು. "ನೀವೂ ಚುಚ್ಕೋತೀರಾ! ಗುಟುಕು ನೀರು, ಹುರಿಗಡಲೆ, ಮುಖದ ಮೇಲೆ ಬೆವರು. ನಮ್ಮತ್ತಿಗೇನೂ ಹಿಂಗೇ. ಅದಕ್ಕೇ ಅವಳ ಪರ ವಕಾಲತ್ತು. ನಿಲ್ಲಿ, ಈಗ್ಲೇ ಈಚೆ ಹೋಗಿ ಎಲ್ರಿಗೂ ಹೇಳ್ತೀನಿ!"

"ಹೇಳಿ." ಗಂಗಾ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಹೌದು, ನಾನೂ ಚುಚ್ಕೋತೀನಿ. ಡಾಕ್ಟ್ರು ತೂಕ ನೋಡಿ, ರಕ್ತ ನೋಡಿ ಕೊಟ್ಟಿರೋ ಪುಟ್ಟ ಡೋಸು, ವಾರಕ್ಕೊಂದ್ಸಲ. ಅಷ್ಟಕ್ಕೇ ಅನ್ನ ಕಂಡ್ರೆ ಹೊಟ್ಟೆ ತೊಳಸುತ್ತೆ, ಎದ್ದು ನಿಂತ್ರೆ ತಲೆ ತಿರುಗುತ್ತೆ. ನಿಮ್ಮಮ್ಮ ಎಪ್ಪತ್ತು ವರ್ಷದೋರು. ದಿನಕ್ಕೆ ಮೂವತ್ತಾರು ಟಿಕ್ಕು, ನಾಲ್ಕು ದಿನ. ವಾಂತಿ ಮಾಡ್ತಾ ಮಾಡ್ತಾನೇ ಚುಚ್ಕೊಂಡ್ರು, ಸೂಜಿ ಬಿಟ್ರೆ ಸಕ್ಕರೆ ಏರುತ್ತೆ ಅಂತ. ಎಷ್ಟು ಸಂಕಟ ಆಗಿರ್ಬೇಕು ಹೇಳಿ. ಒಂದ್ಸಲನಾದ್ರೂ ಅವ್ರಿಗೆ ಆ ಪೆನ್ನಿನ ಮೇಲೆ ಅನುಮಾನ ಬರ್ಲಿಲ್ಲ. ಯಾಕೆ ಗೊತ್ತಾ? ಅದರ ಮೇಲಿನ ಬೊಟ್ಟು ಹೆತ್ತ ಮಗಳು ಇಟ್ಟಿದ್ದು."

ಚಂದನಳ ಮುಖದ ಸಿಟ್ಟೆಲ್ಲ ಇಳಿದುಹೋಗಿ ಅದರಡಿಯಿಂದ ಬೇರೊಂದು ಮುಖ ಕಂಡಿತು. ಶನಿವಾರದಿಂದ ನಿದ್ದೆಯಿಲ್ಲದ, ತನಗೇ ತಾನು ಹೆದರಿದ ಮುಖ. ಬೆಳಗಿನಿಂದ ಅತ್ತಿಗೆಯನ್ನು ಅಷ್ಟು ಹೊಡೆದು ಬೈದದ್ದು ಯಾಕೆಂದು ಗಂಗಾಳಿಗೆ ಆಗ ತಿಳಿಯಿತು.

"ನಂಗೊತ್ತಿರ್ಲಿಲ್ಲ," ಎಂದಳು ಚಂದನ. "ದೇವರಾಣೆ ನಂಗೊತ್ತಿರ್ಲಿಲ್ಲ ಮೇಡಂ. ಆಸ್ಪತ್ರೇಲಿ ಡಾಕ್ಟ್ರು ಪೆನ್ನು ತೋರಿಸ್ದಾಗ್ಲೇ ಗೊತ್ತಾಗಿದ್ದು. ನಾನಿಟ್ಟ ಬೊಟ್ಟೇ ಅದು."

"ಮಂಗಳವಾರ ಏನಾಯ್ತು? ಮೊದಲಿಂದ ಹೇಳಿ."

"ನಾನು ಬಂದಾಗ ಅಮ್ಮ ಗೊಣಗ್ತಾ ಕೂತಿದ್ಲು. ಪೆನ್ನಿನ ಬೊಟ್ಟು ಅಳಿಸ್ಹೋಗಿದೆ ಕಣೇ, ಎಣ್ಣೇಲಿ ಇಟ್ಟಿದ್ದು ಹೆಂಗ್ ಹೋಯ್ತೋ ಕಾಣೆ, ನಮಗೆಲ್ಲ ಮೈಲಿಗೆ, ಯಾರೂ ಇಡೋ ಹಂಗಿಲ್ಲ, ನಿಂಗೇನೂ ಸೂತಕ ಇಲ್ಲ, ನೀನೇ ಇಟ್ಟು ಹೋಗು ಅಂದ್ಲು. ನನ್ನ ಚೀಲದಲ್ಲಿ ಗುಡಿ ಕುಂಕುಮ ಇತ್ತು. ಎಣ್ಣೆ ಬೆರೆಸಿ ಇಟ್ಟೆ. ಅಮ್ಮ ಕಣ್ಣಿಗೆ ಒತ್ಕೊಂಡ್ಲು."

"ಪೆನ್ನಿನ ಮೇಲೆ ಏನ್ ಬರೆದಿದೆ ಅಂತ ನೀವು ಓದ್ಲಿಲ್ವಾ? ನಿಮಗೆ ಇಂಗ್ಲಿಷ್ ಬರುತ್ತಲ್ಲ."

"ಓದ್ಬೇಕು ಅಂತಾನೇ ಅನ್ನಿಸ್ಲಿಲ್ಲ. ನೀಲಿ ಪೆನ್ನು, ಅಮ್ಮನ ಪೆನ್ನು. ಅಷ್ಟೇ. ನಾನೇ ಕೊಂದೆ ಮೇಡಂ. ನನ್ನ ಕೈಯಾರೆ ಕೊಂದೆ. ಹಾಕಿ ನನಗೇ ಬೇಡಿ." ಅವಳು ಎರಡೂ ಕೈ ಮುಂದೆ ಚಾಚಿ ಬಿಕ್ಕಿದಳು.

ಗಂಗಾ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಅವಳಿಗೆ ಬೇಕಾದದ್ದು ಇನ್ನೊಂದೇ ಮಾತು.

"ಆ ಪೆನ್ನನ್ನ ಫ್ರಿಡ್ಜಿಂದ ನೀವೇ ತಗೊಂಡ್ರಾ?"

"ಇಲ್ಲ. ಬಸ್ಸಿಳಿದು ಬಂದಿದ್ದೆ, ಕಾಲು ತೊಳೆದಿರ್ಲಿಲ್ಲ. ಹಂಗೇ ಅಡುಗೆಮನೆಗೆ ಹೋದ್ರೆ ಅಮ್ಮ ಬೈತಾಳೆ."

"ಅಮ್ಮ ತಂದ್ಕೊಟ್ರಾ?"

"ಅಮ್ಮ ಮಂಚದಿಂದ ಏಳ್ಲಿಲ್ಲ."

"ಸುನಂದ?"

"ಅವಳು ಹುಳುಮನೇಲಿದ್ಲು. ನನ್ ಮುಖ ನೋಡೋಕೂ ಬರ್ಲಿಲ್ಲ."

"ಮತ್ತೆ ಪೆನ್ನು ನಿಮ್ಮ ಕೈಗೆ ಕೊಟ್ಟೋರು ಯಾರು?"

ಚಂದನ ಉತ್ತರ ಹೇಳುವ ಮೊದಲೇ ಉತ್ತರ ಅವಳಿಗೆ ಕಂಡಿತು. ಕಣ್ಣೊರೆಸುತ್ತಿದ್ದ ಕೈ ಅಲ್ಲೇ ನಿಂತಿತು.

"ಅಣ್ಣ," ಎಂದಳು, ದನಿಯೇ ಇಲ್ಲದೆ. "ಅಣ್ಣ ತಂದ್ಕೊಟ್ಟ. ತಗೋಮ್ಮ, ಇದೇ ಅಮ್ಮಂದು ಅಂದ. ಅವನೇ ನಂಗೆ ಸೋಮವಾರ ಫೋನ್ ಮಾಡಿದ್ದು, ಅಮ್ಮ ನೆನೆಸ್ಕೋತಾವ್ಳೆ, ನಾಳೆ ಬಂದ್ಹೋಗು ಅಂತ."

ಹೊರಗೆ ಶಾಮಿಯಾನದ ಗೂಟ ಹೊಡೆಯುವ ಸದ್ದು ನಿಂತಿತ್ತು. ಯಾವಾಗ ನಿಂತಿತೋ ಗಂಗಾ ಗಮನಿಸಿರಲಿಲ್ಲ.

"ನಿಮ್ಮಣ್ಣನಿಗೂ ಅಮ್ಮನಿಗೂ ಏನಿತ್ತು?"

"ಹಿಪ್ಪುನೇರಳೆ ತೋಟದ ಮಣ್ಣು. ಇಟ್ಟಿಗೆ ಗೂಡಿನೋರಿಗೆ ಅಗೆಯೋಕೆ ಕೊಡ್ತೀನಿ ಅಂತ ಅವ್ನು. ಆಳುದ್ದ ಅಗೆದ್ಬಿಟ್ರೆ ಆಮೇಲೆ ಅಲ್ಲಿ ಹುಲ್ಲೂ ಹುಟ್ಟಲ್ಲ ಕಣೋ ಅಂತ ಅಮ್ಮ. ಜಮೀನು ಅಮ್ಮನ ಹೆಸರಲ್ಲಿ. ಅತ್ತಿಗೆ ಮೂರು ಹೊತ್ತೂ ಆ ತೋಟದಲ್ಲೇ ಇರೋಳು, ಅವಳೂ ಅಮ್ಮನ ಕಡೆಗೇ ನಿಂತ್ಲು. ಆ ವಿಷ್ಯದಲ್ಲಿ ಮಾತ್ರ ಅತ್ತೆ ಸೊಸೆ ಒಂದೇ ಬಾಯಿ."

ಇಬ್ಬರೂ ಅಡ್ಡಿ. ಒಬ್ಬಳು ಮಣ್ಣಿಗೆ, ಇನ್ನೊಬ್ಬಳು ಜೈಲಿಗೆ. ಬೊಟ್ಟು ಒರೆಸಿದರೆ ಅಮ್ಮ ತಾನಾಗೇ ಮಗಳನ್ನು ಕೇಳುತ್ತಾಳೆ, ಮಗಳು ಅಣ್ಣನ ಕೈಯಿಂದ ಬಂದದ್ದನ್ನು ತಿರುಗಿಸಿ ನೋಡುವುದಿಲ್ಲ, ಆಮೇಲೆ ಸತ್ಯ ಗೊತ್ತಾದರೂ ಹೆದರಿ ಬಾಯಿ ಬಿಡುವುದಿಲ್ಲ. ಹೆತ್ತವಳ ಮಡಿಯನ್ನೂ ಒಡಹುಟ್ಟಿದವಳ ನಂಬಿಕೆಯನ್ನೂ ಒಟ್ಟಿಗೆ ವಿಷವಾಗಿ ಅರೆದವನು. ಗಂಗಾಳಿಗೆ ಅವನ ಮೇಲೆ ಅಸಹ್ಯವಾಯಿತು.

"ಈ ಮಾತನ್ನ ಬರ್ಕೊಡ್ತೀರಾ? ಈಗ್ಲೇ?"

"ಅವನು ನನ್ನಣ್ಣ ಮೇಡಂ."

"ಅವರು ನಿಮ್ಮಮ್ಮ."

ಚಂದನ ಅಮ್ಮನ ಮಂಚದ ಮೇಲಿನ ಮಡಿಸಿಟ್ಟ ಸೀರೆಯನ್ನು ನೋಡಿದಳು. ಆಮೇಲೆ ಹೂಂ ಎಂದಳು.

ಬರೆದು ರುಜು ಹಾಕುವ ಹೊತ್ತಿಗೆ ಮೂರೂ ಮುಕ್ಕಾಲು. ಗಂಗಾ ಕಾಗದವನ್ನು ಮಡಿಸಿ ಅಂಗಿಯ ಒಳಜೇಬಿಗೆ ಸೇರಿಸಿ ಹೊರಗೆ ಬಂದಳು. ತಲೆ ಸುತ್ತುತ್ತಿತ್ತು, ಗೋಡೆ ಹಿಡಿದು ಒಂದು ಉಸಿರು ಎಳೆದುಕೊಂಡಳು. ಅಂಗಳದಲ್ಲಿ ಜನವಿದ್ದರು, ಅನಿಲ್‌ಕುಮಾರ್ ಇರಲಿಲ್ಲ.

ಅವಳು ಓಡಿದಳು.

ಹುಳುಮನೆಯ ಬಾಗಿಲಲ್ಲಿ ಕದಿರೇಶ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. ಅವನ ಹಿಂದೆ ಬಾಗಿಲು ಹಾರು ಹೊಡೆದಿತ್ತು. ಒಳಗೆ ಸೊಪ್ಪಿನ ಕಂತೆ ಅರ್ಧ ಬಿಚ್ಚಿ ಬಿದ್ದಿತ್ತು. ಅರ್ಧ ಹುಳುಗಳಿಗೆ ಸೊಪ್ಪು ಸಿಕ್ಕಿತ್ತು, ಇನ್ನರ್ಧ ಬರಿಯ ಕಡ್ಡಿಗಳ ಮೇಲೆ ತಲೆ ಎತ್ತಿಕೊಂಡು ಕಾಯುತ್ತಿದ್ದವು.

"ಸುನಂದ ಎಲ್ಲಿ?"

"ಕರ್ಕೊಂಡು ಹೋದ್ರಲ್ಲ ಮೇಡಂ, ಗಂಡ. ಹೆಣ ಬಂದ್ರೆ ಈ ಜನ ಅವಳನ್ನ ಸೀಳ್ಹಾಕ್ತಾರೆ, ಅದಕ್ಕೆ ಮುಂಚೇನೇ ಹಿಂದಿನ ದಾರೀಲಿ ಕಾರಲ್ಲಿ ಸ್ಟೇಷನ್ನಿಗೆ ಬಿಡು ಅಂತ ಮೇಡಂ ಹೇಳಿದಾರೆ ಅಂದ್ರು. ಕಲ್ಲು ಬೇರೆ ಬೀಳ್ತಿತ್ತು. ನಂಗೂ ಸರಿ ಅನ್ನಿಸ್ತು."

"ಯಾರನ್ನೂ ಬಿಡಬೇಡಿ ಅಂದಿರ್ಲಿಲ್ವಾ ನಾನು?"

"ಒಳಕ್ಕೆ ಯಾರನ್ನೂ ಬಿಡ್ಲಿಲ್ಲ ಮೇಡಂ." ಕದಿರೇಶನ ಮುಖ ಬೆಳ್ಳಗಾಯಿತು. "ಆಯಮ್ಮ ತಾನೇ ಚಿಲಕ ತೆಗೆದು ಈಚೆ ಬಂತು. ಗಂಡ ಕರೆದ ತಕ್ಷಣ ಬಂತು. ಬೆಳಿಗ್ಗೆಯಿಂದ ಇವ್ರು ನನ್ನ ಹೆಸರು ಹಿಡಿದು ಕರೆದಿದ್ದು ಇದೇ ಮೊದ್ಲು ಅಂತ ಅಳ್ತಾ ಹೋಯ್ತು."

ಗಂಗಾ ಠಾಣೆಗೆ ಫೋನ್ ಹಚ್ಚಿದಳು. ಯಾರೂ ಬಂದಿಲ್ಲ. ಕದಿರೇಶನನ್ನು ಜೀಪಿನತ್ತ ತಳ್ಳಿ ಅನಿಲ್‌ಕುಮಾರನ ನಂಬರು ಒತ್ತಿದಳು. ನಾಲ್ಕು ಸಲ ರಿಂಗಾಯಿತು. ಐದನೆಯದಕ್ಕೆ ಎತ್ತಿದ.

"ಹೇಳಿ ಮೇಡಂ." ಬೆಳಗಿನ ಕಿರುಚಾಟ, ಅಳು ಯಾವುದೂ ಆ ದನಿಯಲ್ಲಿರಲಿಲ್ಲ. ಹಾಲಿನ ಡೈರಿಯ ಮುಂದೆ ನಿಂತು ಮಾತಾಡುವವನ ನೆಮ್ಮದಿ.

"ಎಲ್ಲಿದೀಯಾ?"

"ನಿಮ್ಮ ಕೆಲಸ ಹಗುರ ಮಾಡಿದೀನಿ. ಅವಳು ತಪ್ಪು ಒಪ್ಕೊಂಡ್ಲು. ತನ್ನ ಕೈಯಾರೆ ಬರ್ದುಕೊಟ್ಟಿದಾಳೆ, ಅತ್ತೇನ ನಾನೇ ಸಾಯಿಸ್ದೆ ಅಂತ. ಚೀಟಿ ಕಾರಲ್ಲಿದೆ. ನಾಲ್ಕು ಗಂಟೆಗೆ ಇನ್ನೂ ಐದು ನಿಮಿಷ ಇದೆ, ನೋಡ್ಕೊಳ್ಳಿ."

"ಫೋನ್ ಅವಳ ಕೈಗೆ ಕೊಡು."

ಆ ಕಡೆ ಗಾಳಿಯ ಸದ್ದು. ಕಾರಿನ ಬಾಗಿಲೊಂದು ಮುಚ್ಚಿಕೊಂಡಿತು.

"ಸುನಂದ!" ಗಂಗಾ ಕೂಗಿದಳು. "ಸುನಂದ, ಕೇಳಿಸ್ತಿದ್ಯಾ? ನೀನು ತಪ್ಪು ಮಾಡಿಲ್ಲ ಅಂತ ನಂಗೊತ್ತಾಗಿದೆ. ಒಂದು ಮಾತಾಡು ತಾಯಿ!"

"ಅವಳು ಇನ್ಯಾವತ್ತೂ ಮಾತಾಡಲ್ಲ ಮೇಡಂ," ಎಂದ ಅನಿಲ್‌ಕುಮಾರ್. "ನೀವು ಸ್ವಲ್ಪ ತಡ ಮಾಡಿದ್ರಿ."